‘ಗ್ಯಾಸಿಗೆ’ ಎಂದು ಬರೆದ ಕವರು

ಬಿಸಾಡೋಣ ಎಂದು ಹಳೆಯ ಹ್ಯಾಂಡ್‌ಬ್ಯಾಗಿನ ಒಳಜಿಪ್ಪು ಎಳೆದೆ ನೋಡಿ, ಒಂದು ಸಣ್ಣ ಖಾಕಿ ಕವರು ಸಿಕ್ಕಿತು. ಮೆಡಿಕಲಿನವರು ಮಾತ್ರೆ ಹಾಕಿ ಕೊಡುವ ಕವರು. ಮೂಗಿನ ಹತ್ತಿರ ಹಿಡಿದೆ. ಮದ್ದಿನ ವಾಸನೆ ಇನ್ನೂ ಇತ್ತೋ, ನನಗೇ ಹಾಗೆ ಅನಿಸಿತೋ... ಮೇಲೆ ನೀಲಿ ಪೆನ್ನಿನಲ್ಲಿ ದುಂಡಗೆ ‘ಗ್ಯಾಸಿಗೆ. ಬೆಳಿಗ್ಗೆ ಒಂದು’ ಅಂತ ಬರೆದಿತ್ತು, ಪಕ್ಕದಲ್ಲಿ ಪುಟ್ಟ ಸೂರ್ಯನ ಚಿತ್ರ. ಒಳಗೆ ನಾಲ್ಕು ಮಡಿಕೆ ಮಾಡಿದ ಕಾಗದ. ಅದು ಎಂತ ಕಾಗದ ಅಂತ ನನಗೆ ಗೊತ್ತಿತ್ತು. ಆದರೆ ಕೈಗೆ ಬಂದ ದಿನದಿಂದ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ನನಗೆ ಗ್ಯಾಸ್ ಇರಲಿಲ್ಲ ಮಾರಾಯ್ರೆ. ಕಲ್ಲು ತಿಂದರೂ ಕರಗಿಸುವ ಹೊಟ್ಟೆ ನನ್ನದು. ಇದ್ದದ್ದು ಬೇರೆ.

ಎಂಟು ವರ್ಷದ ಹಿಂದಿನ ಮಾತು. ನಾನಾಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ದೇರೆಬೈಲಿನ ಮನೆಯಲ್ಲಿ ನಾನು ಮತ್ತು ಅತ್ತೆ, ಗಂಡ ಮಸ್ಕತ್ತಿನಲ್ಲಿ. ಉಣ್ಣಲಿಕ್ಕೆ ಉಡಲಿಕ್ಕೆ ಎಂತದೂ ಕಡಿಮೆ ಇರಲಿಲ್ಲ. ಆದರೂ ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತಿತ್ತು. ಬಾತ್‌ರೂಮಿನ ನಲ್ಲಿ ತಿರುಗಿಸಿ ಬಿಟ್ಟು ಅಳುತ್ತಿದ್ದೆ. ಯಾಕೆ ಅಂತ ಕೇಳಿದರೆ ಹೇಳಲಿಕ್ಕೆ ಒಂದು ಕಾರಣವೂ ಇರಲಿಲ್ಲ, ನನಗೆ ಅದೇ ದೊಡ್ಡ ನಾಚಿಕೆ. ಕದ್ದು ಹೋಗಿ ತೋರಿಸಿದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ದೇರೆಬೈಲಿನ ಮೆಡಿಕಲಿನವರಿಗೆಲ್ಲ ಅತ್ತೆಯ ಪರಿಚಯ. ಅದಕ್ಕೆ ಮೀನು ತರುವ ನೆಪ ಹೇಳಿ ಉರ್ವ ಮಾರ್ಕೆಟಿನ ಹತ್ತಿರ ಬಸ್ಸಿನಿಂದ ಇಳಿದೆ.

ಅಲ್ಲಿಯ ಒಂದು ಸಣ್ಣ ಮೆಡಿಕಲಿನ ಕೌಂಟರಿನಲ್ಲಿ ಅವರು ಇದ್ದರು. ಅರವತ್ತರ ಹತ್ತಿರದ ಕೊಂಕಣಿ ಹೆಂಗಸು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಇಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಬಾಯಮ್ಮ ಅಂತಲೇ ಕರೆಯುತ್ತಿದ್ದರು. ಹೆಸರು ಎಂತ ಅಂತ ನಾನು ಕೇಳಲೇ ಇಲ್ಲ.

ಮಾತ್ರೆ ಯಾವುದಕ್ಕೆ ಅಂತ ಕವರಿನ ಮೇಲೆ ಕನ್ನಡದಲ್ಲಿ ಬರೆದು ಕೊಡುವುದು ಅವರ ಕ್ರಮ. ‘ಬಿಪಿಗೆ’, ‘ಶುಗರಿಗೆ’, ‘ಗಂಟು ನೋವಿಗೆ’. ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸರಲ್ಲಿ ಓದು ಬಾರದವರಿಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ರೂಢಿಯಾಗಿ ಎಲ್ಲರ ಕವರಿನ ಮೇಲೂ ಅದೇ ಚಿತ್ರ. ನನ್ನ ಚೀಟಿ ನೋಡಿದ ಮೇಲೆ ಅವರ ಪೆನ್ನು ನಿಂತಿತು. ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದರು.

“ಮನೆಯಲ್ಲಿ ಕವರು ನೋಡುವವರು ಯಾರಾದ್ರೂ ಇದ್ದಾರಾ?”

“ಅತ್ತೆ...” ಅಂದೆ.

“ಹಾಗಾದ್ರೆ ಗ್ಯಾಸಿಗೆ ಅಂತ ಬರೀತೇನೆ. ಮಂಗಳೂರಿನಲ್ಲಿ ಗ್ಯಾಸ್ ಇಲ್ಲದವರು ಯಾರುಂಟು?”

ಎಷ್ಟೋ ತಿಂಗಳ ಮೇಲೆ ನಾನು ನಕ್ಕದ್ದು ಅವತ್ತು. ಚೀಟಿಯ ಜೆರಾಕ್ಸ್ ತೆಗೆದು ಅವರು ತಮ್ಮ ಡ್ರಾಯರಿನಲ್ಲಿ, ಪ್ರಾರ್ಥನೆಯ ಪುಸ್ತಕದ ಕೆಳಗೆ ಇಟ್ಟುಕೊಂಡರು. “ಇದು ಮಾತ್ರ ನನ್ನ ಹತ್ರ ಇರ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸ್ಲಿಕ್ಕೆ ಬೇಕಲ್ಲ” ಅಂದರು.

ಮೊದಲ ವಾರಗಳು, ಅಯ್ಯೋ ದೇವರೇ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬೋರ್ಡಿನ ಮೇಲೆ ಗೆರೆ ಎಳೆದರೆ ಚಾಕ್‌ಪೀಸ್ ನಡುಗುತ್ತಿತ್ತು. ಬಂಗುಡೆ ಸಾರಿನ ವಾಸನೆಗೆ ವಾಂತಿ. ಗಂಡ ಬಂದು ಹೋಗಿ ವರ್ಷ ಕಳೆದಿತ್ತು. ಅತ್ತೆ ನನ್ನನ್ನು ನೋಡುತ್ತಿದ್ದ ರೀತಿ ಯಾರಿಗೂ ಬೇಡ. ರಾತ್ರಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ, ಹಗಲು ಬಸ್ಸಿನಲ್ಲಿ ನಿಂತಲ್ಲೇ ತೂಕಡಿಕೆ.

ಇದನ್ನೆಲ್ಲ ನಾನು ಹೇಳಿದ್ದು ಬಾಯಮ್ಮನಿಗೆ ಮಾತ್ರ. “ನೀವಾಗಿ ನಿಲ್ಲಿಸ್ಬೇಡಿ ಟೀಚರ್. ರಾತ್ರಿಯ ಬದಲು ಬೆಳಿಗ್ಗೆ ತೆಗೊಳ್ಳಬಹುದಾ ಅಂತ ಡಾಕ್ಟರರಲ್ಲಿ ಕೇಳಿ” ಅಂದರು. ಡಾಕ್ಟರು ಆಗಬಹುದು ಅಂದ ಮೇಲೆ ಕವರಿನ ಮೇಲಿನ ಚಂದ್ರ ಹೋಗಿ ಸೂರ್ಯ ಬಂದ. ಸಂಜೆಯ ಮೇಲೆ ಚಾ ಬೇಡ, ಮಧ್ಯಾಹ್ನ ಮಲಗುವುದು ಬೇಡ, ಸ್ಕೂಟರ್ ಅಂತೂ ಸದ್ಯಕ್ಕೆ ಬೇಡವೇ ಬೇಡ, ಬಾಯಿಗೆ ಒಂದು ತುಂಡು ಕಲ್ಲುಸಕ್ಕರೆ... ಹೋದಾಗೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ, “ನಿದ್ರೆ ಬರ್ತದಾ?”

ಬರಲು ಶುರುವಾಗಿತ್ತು, ಸ್ವಲ್ಪ ಸ್ವಲ್ಪ. ಅಷ್ಟರಲ್ಲಿ ಪರೀಕ್ಷೆ ಬಂತು.

ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ಕೂತಿದ್ದೆ. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಭುಜ ಹಿಡಿದು ಅಲ್ಲಾಡಿಸಿದ್ದು ಹೆಡ್‌ಮಿಸ್ಟ್ರೆಸ್. ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ಸ್ಟಾಫ್‌ರೂಮಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು, ಮನೆಗೆ ಫೋನ್ ಮಾಡಲು ನನ್ನ ಬ್ಯಾಗಿನಿಂದ ಮೊಬೈಲ್ ತೆಗೆದರು. ಅದರ ಜೊತೆಗೇ ಕವರೂ ಹೊರಗೆ ಬಂತು. ಓದಿದರು. ಒಳಗಿನ ಮಾತ್ರೆಯ ಪಟ್ಟಿ ತೆಗೆದು, ಅದರ ಹೆಸರನ್ನು ತಮ್ಮ ಮೊಬೈಲಿನಲ್ಲಿ ಒತ್ತಿ ನೋಡಿದರು.

“ಅಯ್ಯಯ್ಯೋ, ಇದು ಗ್ಯಾಸಿನದ್ದಲ್ಲ ಟೀಚರ್! ಇದು ತಲೆ ಸರಿ ಇಲ್ಲದವರಿಗೆ ಕೊಡುವುದು! ಮೆಡಿಕಲಿನವರು ತಪ್ಪಿ ಕೊಟ್ಟದ್ದಾ?”

ಸ್ಟಾಫ್‌ರೂಮಿನಲ್ಲಿ ಎಂಟು ಹತ್ತು ಜನ ಇದ್ದರು. ಇದು ನನ್ನದೇ ಮಾತ್ರೆ ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ‘ತಲೆ ಸರಿ ಇಲ್ಲದವರಿಗೆ’ ಅಂತ ಅವರು ಅಂದಾಗಿತ್ತು. ನಾನು ತಲೆ ಅಲ್ಲಾಡಿಸಿದೆ... ಹೌದು ಅಂತ.

ಆಮೇಲೆ ನನಗೆ ಎಂಥ ಉಪಚಾರ! ಒಬ್ಬರು ಎಳನೀರಿನ ಬೊಂಡ ತರಿಸಿದರು, ಒಬ್ಬರು ಬೆನ್ನು ಸವರಿದರು. ಪಾಪ, ಎಂಥ ಅನ್ಯಾಯ, ಜೀವ ಹೋಗಿದ್ದರೆ ಯಾರು ಗತಿ ಅಂತ ಎಲ್ಲರೂ. ಟೀಚರುಗಳ ವಾಟ್ಸಾಪ್ ಗ್ರೂಪಿನಲ್ಲಿ ಕವರಿನ ಫೋಟೋ ಬಂತು, ಮೆಡಿಕಲಿನ ಸೀಲು ಕಾಣುವ ಹಾಗೆ. ನನ್ನ ಮರ್ಯಾದೆ ಉಳಿಯಲಿ ಅಂತ ಬಾಯಮ್ಮ ಬರೆದ ಒಂದು ಶಬ್ದವೇ ಅವರ ಮೇಲೆ ಸಾಕ್ಷಿ ಆಯಿತು. ನಾನು ಆ ಫೋಟೋದ ಕೆಳಗೆ ಕೈಮುಗಿದ ಚಿಹ್ನೆ ಒತ್ತಿದೆ. ಅದನ್ನು ನೆನೆಸಿದರೆ ಇವತ್ತೂ ಮೈ ಉರಿಯುತ್ತದೆ.

ಮೂರು ವಾರ ಆ ಕಡೆ ಹೋಗಲಿಲ್ಲ. ಹೋದಾಗ ಕೌಂಟರಿನಲ್ಲಿ ಅಂಗಡಿಯ ಧಣಿಗಳೇ ಕೂತಿದ್ದರು. ಬಾಯಮ್ಮ ಎಲ್ಲಿ ಅಂತ ಕೇಳಿದೆ.

“ಕೆಲಸದಿಂದ ಬಿಡಿಸಿದೆ. ವಾಟ್ಸಾಪಿನಲ್ಲಿ ನಮ್ಮ ಕವರಿನ ಫೋಟೋ ಬಂದಿತ್ತು. ಯಾರೋ ಟೀಚರಿಗೆ ಗ್ಯಾಸಿನದ್ದರ ಬದಲು ಬೇರೆ ಕೊಟ್ಟಿದ್ದಾರಂತೆ. ಚೀಟಿ ಉಂಟಾ ಬಾಯಮ್ಮ, ತೋರಿಸಿ ಅಂತ ಕೇಳಿದೆ. ಇಲ್ಲ, ನನ್ನ ಕಣ್ಣು ಈಗ ಸರಿ ಕಾಣುದಿಲ್ಲ, ತಪ್ಪಿರಬಹುದು ಅಂದ್ರು. ಇಪ್ಪತ್ತು ವರ್ಷ ಇದ್ದವರು, ಎಂತ ಮಾಡುದು ಹೇಳಿ.”

ಚೀಟಿ ಇತ್ತು. ಪ್ರಾರ್ಥನೆಯ ಪುಸ್ತಕದ ಕೆಳಗೇ ಇತ್ತು. ತೋರಿಸಿದ್ದರೆ ಅವರ ಕೆಲಸ ಉಳಿಯುತ್ತಿತ್ತು, ಆದರೆ ನನ್ನ ಹೆಸರು ಹೊರಗೆ ಬರುತ್ತಿತ್ತು. ಆ ಟೀಚರ್ ನಾನೇ ಅಂತ ಧಣಿಗಳಿಗೆ ಆಗಲಾದರೂ ಹೇಳಬಹುದಿತ್ತು. ಒಂದು ಬ್ಯಾಂಡೇಜ್ ಪಟ್ಟಿ ತೆಗೆದುಕೊಂಡು ಬಂದೆ.

ಆಮೇಲೆ ಒಂದೇ ಸಲ ಅವರು ಸಿಕ್ಕಿದ್ದು, ಉರ್ವದ ಮೀನು ಮಾರ್ಕೆಟಿನಲ್ಲಿ. ಕೈಯಲ್ಲಿ ಬೂತಾಯಿ ಮೀನು ತುಂಬಿದ ಚೀಲ. ನನ್ನನ್ನು ಕಂಡು ಮುಖ ತಿರುಗಿಸಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಹಾಗೆ ಮಾಡಲಿಲ್ಲ. ಪರ್ಸಿನಿಂದ ಮಡಚಿದ ಕಾಗದ ತೆಗೆದು ನನ್ನ ಕೈಯೊಳಗೆ ಇಟ್ಟರು.

“ನಿಮ್ಮ ಚೀಟಿಯ ಜೆರಾಕ್ಸ್. ನಿಮ್ಮ ಹತ್ರವೇ ಇರ್ಲಿ. ನಿದ್ರೆ ಬರ್ತದಾ ಈಗ?”

“ಬರ್ತದೆ” ಅಂದೆ. ಸ್ಟಾಫ್‌ರೂಮಿನ ಆ ದಿನದಿಂದ ಒಂದು ರಾತ್ರಿಯೂ ಸರಿಯಾಗಿ ಬಂದಿರಲಿಲ್ಲ. ಕ್ಷಮಿಸಿ ಬಾಯಮ್ಮ ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು. ಬಸ್ಸು ಬಂದದ್ದು ಒಳ್ಳೆಯದಾಯಿತು ಅಂತ ನನಗೆ ಅನಿಸಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಎರಡು ವರ್ಷದ ಮೇಲೆ ಮೀನಿನ ಹೆಂಗಸೊಬ್ಬಳು ಹೇಳಿದಳು, ಬಾಯಮ್ಮ ತೀರಿಹೋದರಂತೆ, ನಾಳೆ ಮಣ್ಣು ಮಾಡುವುದಂತೆ. ಕೆಲಸ ಹೋದ ಮೇಲೆ ಉರ್ವದ ಬಾಡಿಗೆ ಮನೆ ಬಿಟ್ಟು ಉಳ್ಳಾಲದ ತಮ್ಮನ ಮನೆಯಲ್ಲಿ ಇದ್ದರಂತೆ. ನಾನು ಮಣ್ಣಿಗೂ ಹೋಗಲಿಲ್ಲ.

ಮೊನ್ನೆ ಕವರು ಸಿಕ್ಕಿದ ಮೇಲೆ ಇನ್ನು ತಡೆಯಲಾಗಲಿಲ್ಲ. ರಿಟೈರ್ ಆಗಿರುವ ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿ, ಅವತ್ತಿನ ಮಾತ್ರೆ ನನ್ನದೇ, ಬಾಯಮ್ಮ ತಪ್ಪು ಮಾಡಲೇ ಇಲ್ಲ ಅಂದೆ.

“ಯಾವ ಬಾಯಮ್ಮ?” ಅಂತ ಕೇಳಿದರು. ನೆನಪು ಮಾಡಿಸಿದೆ. “ಓ, ಅದಾ... ನನಗೆ ಮರೆತೇ ಹೋಗಿದೆ. ನನ್ನ ಮಗಳೂ ಈಗ ಅದನ್ನೇ ತೆಗೊಳ್ಳುದು. ಅದರಲ್ಲಿ ಎಂತ ನಾಚಿಕೆ ಟೀಚರ್?”

ಫೋನ್ ಇಟ್ಟು ಕಾಗದ ಬಿಡಿಸಿದೆ. ಮೇಲೆ ನನ್ನ ಹೆಸರು, ನಡುವೆ ಡಾಕ್ಟರರ ಗೀಚು. ಅಡಿಯಲ್ಲಿ ನೀಲಿ ಪೆನ್ನಿನಲ್ಲಿ, ಅದೇ ದುಂಡು ಅಕ್ಷರದಲ್ಲಿ, ತನಗೇ ನೆನಪಿಗೆ ಅಂತ ಬಾಯಮ್ಮ ಬರೆದುಕೊಂಡದ್ದು ಮೂರು ಸಾಲು ಇತ್ತು. ‘ಬಾಯಿ ಒಣಗುತ್ತದೆ. ಬೆಳಿಗ್ಗೆಗೆ ಬದಲಿಸಿದ್ದು. ಬಂದಾಗ ನಿದ್ರೆ ಕೇಳಬೇಕು.’

ಕೇಳಿದ್ದರು. ಕೆಲಸ ಹೋದ ಮೇಲೂ, ಬೂತಾಯಿಯ ಚೀಲ ಹಿಡಿದು ನಿಂತು ಕೇಳಿದ್ದರು. ಸುಳ್ಳು ಹೇಳಿದ್ದು ನಾನು.