ಗಂಗಿಗೆ ಬಂದ ರೇಡಿಯೋ ಉತ್ತರ

ಕೇಳುವುದೂ ಒಂದು ಭಕ್ತಿಯೆಂದು ಹಿರಿಯರು ನಂಬಿದ್ದ ಆ ದಿನಗಳಲ್ಲಿ, ಯರಗುಪ್ಪಿಯ ನಮ್ಮ ಮನೆಯ ರೇಡಿಯೋ ಪಡಸಾಲೆಯ ಗೂಡಿನಲ್ಲಿ ದೇವರ ದೀಪದ ಪಕ್ಕದಲ್ಲೇ ಇರುತ್ತಿತ್ತು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸಂಜೆ ರೈತರ ಕಾರ್ಯಕ್ರಮದವರು ನಮಸ್ಕಾರ ಹೇಳಿದೊಡನೆ ಆಕೆ ಸೆರಗು ಹೊದ್ದು, "ನಮಸ್ಕಾರ್ರಿ ಸಾಹೇಬ್ರ, ಆರಾಮ ಅದೀರೇನ್ರಿ?" ಎನ್ನುತ್ತಿದ್ದಳು.

"ಅವ್ರಿಗೆ ಕೇಳಂಗಿಲ್ಲ ಬೇ ಆಯಿ!" ಎಂದು ನಾನು ನಗುತ್ತಿದ್ದೆ.

"ಕೇಳ್ಲಿ ಬಿಡ್ಲಿ, ಮನಿಗೆ ಬಂದವ್ರನ್ನ ಮಾತಾಡಸಬೇಕವಾ."

ಆ ಮಳೆಗಾಲದಲ್ಲಿ ನಮ್ಮ ಆಕಳು ಗಂಗಿ ಚೊಚ್ಚಲ ಕರು ಹಾಕಿತು. ಕೆಚ್ಚಲು ತುಂಬಿದ್ದರೂ ಕೈಯಿಟ್ಟವರನ್ನು ಒದೆಯುತ್ತಿತ್ತು. "ಶ್ರಾವಣ ಮುಗಿಯೂದ್ರಾಗ ಹಿಂಡಾಕ ಬಿಡಲಿಲ್ಲಂದ್ರ ಮಾರಿಬಿಡೂಣು" ಎಂದರು ಅಜ್ಜ. ಆಯಿ ಕೈಯಾರೆ ಬೆಳೆಸಿದ ಆಕಳು ಅದು. ಎರಡು ದಿನ ಆಕೆ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಗಂಗಿಗೆ ಉಪಾಯ ಕೇಳಿ ನನ್ನಿಂದ ರೇಡಿಯೋದವರಿಗೆ ಕಾರ್ಡು ಬರೆಸಿದಳು. ಅವರ ಮಕ್ಕಳುಮರಿಗಳ ಕ್ಷೇಮ ವಿಚಾರಿಸದೆ ಮುಗಿಸಲು ಬಿಡಲಿಲ್ಲ.

ಕೆಲವು ದಿನಗಳ ಬಳಿಕ ಒಂದು ಸಂಜೆ "ಯರಗುಪ್ಪಿಯಿಂದ ಗೌರವ್ವನವರು ಕೇಳಿದ್ದಾರೆ" ಎಂದು ಆಯಿಯ ಹೆಸರೇ ಬಂತು. ಅಷ್ಟರಲ್ಲೇ ಗುಡುಗು, ರೇಡಿಯೋ ಗರಗರ ಎಂದಿತು. ಧ್ವನಿ ಮರಳಿದಾಗ ಜೋಳದ ವಿಷಯ ನಡೆದಿತ್ತು. ಆಯಿ ಗೂಡಿಗೆ ಕೈಮುಗಿದು, "ಇನ್ನೊಮ್ಮಿ ಹೇಳ್ರಿ ಸಾಹೇಬ್ರ" ಎಂದಳು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಮರುದಿನ ಆಯಿಯ ತಂಗಿ ದೇವಿಕೊಪ್ಪದಿಂದ ಬಸ್ಸಿನಲ್ಲಿ ಬಂದಿಳಿದಳು. "ಅಕ್ಕಾ, ನಿನ್ನ ಹೆಸರ ರೇಡಿಯೋದಾಗ ಬಂತು ಬೇ!" ಅವಳ ಹಿಂದೆಯೇ, ಅಳ್ನಾವರದಲ್ಲಿ ಅದನ್ನೇ ಕೇಳಿಕೊಂಡು ಬಂದ ಬಳೆಗಾರ ಕಾಕಾ. ಇಬ್ಬರ ಬೆನ್ನಿಗೂ ಓಣಿಯ ಮಂದಿ. ಎಲ್ಲರೂ ಕೊಟ್ಟಿಗೆಯಲ್ಲಿ ಗಂಗಿಯನ್ನು ಸುತ್ತುವರಿದರು.

"ಕೆಚ್ಚಲ ಬೆಚ್ಚನ ನೀರಿಲೆ ತೊಳೀಬೇಕಂತ್ರಿ" ಎಂದ ಕಾಕಾ.

"ಮೊದಲ ಕರಾ ಬಿಡಬೇಕಂತ! ನೀ ಬಳಿ ಮಾರೂದ ನೋಡ್ಕೊ" ಎಂದಳು ಸಣ್ಣಜ್ಜಿ.

ವಾದ ಏರಿತು, ಗಂಗಿ ಚೊಂಬನ್ನು ಒದ್ದು ಉರುಳಿಸಿತು. ಸಣ್ಣಜ್ಜಿ ಥಟ್ಟನೆ ಹಣೆ ಬಡಿದುಕೊಂಡಳು: "ಖರೇ ಮಾತಽ ಮರ್ತಿದ್ದೆ! ಆಕಳ ಹಂತೇಕ ಮಂದಿ ಸೇರಬಾರದಂತ, ಗದ್ದಲ ಇರಬಾರದಂತ. ಒಬ್ಬರ ಕೈ ಅಷ್ಟಽ ಇರಬೇಕಂತ!"

"ಮತ್ತ ಎಲ್ಲಾರೂ ನಡೀರಿ ಹೊರಗ ಕಟ್ಟಿ ಮ್ಯಾಲ!" ಎಂದಳು ಆಯಿ.

ಮಂದಿ ಹೊರಬಿದ್ದಿತು. ಆಯಿ ಕೆಚ್ಚಲು ತೊಳೆದು, ಕರು ಬಿಟ್ಟು, ಮೆಲ್ಲನೆ ದೇವರ ನಾಮ ಹೇಳುತ್ತ ಕುಳಿತಳು. ಬಹಳ ಹೊತ್ತಿನ ಮೇಲೆ ಚೊಂಬಿನಲ್ಲಿ ಹಾಲಿನ ಸಪ್ಪಳ ಕೇಳಿಸಿತು. ಮೊದಲ ಹಾಲು ದೇವರಿಗೆ. ಉಳಿದದ್ದು ಕಟ್ಟೆಯ ಮೇಲೆ ಕಾದು ಕುಳಿತವರ ಚಹಾಕ್ಕೆ. ಅಜ್ಜ ಮಾರುವ ಮಾತು ಮತ್ತೆತ್ತಲಿಲ್ಲ.

ಮೊನ್ನೆ ನನ್ನ ಮೊಮ್ಮಗಳು ತನ್ನ ಕಾಲೇಜಿನ ಸಂವಹನ ಪಾಠದ ಚಿತ್ರವೊಂದನ್ನು ತೋರಿಸಿದಳು. ಹೇಳುವವರು, ಸಂದೇಶ, ಮಾಧ್ಯಮ, ಕೇಳುವವರು. ನಡುವೆ ಅಡ್ಡಬರುವ ಗದ್ದಲ. ಕೇಳುವವರಿಂದ ಹಿಂದಿರುಗುವ ಒಂದು ಬಾಣ. ಗದ್ದಲದಲ್ಲಿ ಆ ಸಂಜೆಯ ಗುಡುಗನ್ನು ಗುರುತಿಸಿದೆ, ಬಾಣದಲ್ಲಿ ಆಯಿಯ ಕಾರ್ಡು ಕಂಡಿತು. ಆದರೆ ಮಾಧ್ಯಮದಿಂದ ಕೇಳುವವರಿಗೆ ಎಳೆದ ಗೆರೆ ಬಲು ನೇರವಾಗಿತ್ತು. ಅದರಲ್ಲಿ ದೇವಿಕೊಪ್ಪದ ಬಸ್ಸಿಗೆ ಜಾಗವಿರಲಿಲ್ಲ.

ಈಗ ಕೇಳಿದ ಕ್ಷಣದಲ್ಲೇ ಫೋನು ಉತ್ತರ ಹೇಳುತ್ತದೆ, ದೇವರ ದಯೆ. ಉತ್ತರ ಹೊತ್ತು ಬಾಗಿಲಿಗೆ ಬರುವವರು ಮಾತ್ರ ಯಾರೂ ಇಲ್ಲ. ಆದರೂ ಚಹಾಕ್ಕೆ ಹಾಲಿಡುವಾಗ ಈ ಕೈ ಇಂದಿಗೂ ಎರಡು ಲೋಟ ಹೆಚ್ಚಿಗೆ ಅಳೆಯುತ್ತದೆ.