ಮೇಘಾಳ ದನಿಯಲ್ಲಿ ನನ್ನ ಹಾಡುಗಳು

ನನ್ನ ಹಾಡನ್ನು ಇನ್ನೊಬ್ಬಳ ದನಿಯಲ್ಲಿ ನಾನು ಮೊದಲು ಕೇಳಿದ್ದು ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ, ನಾನು ಕೆಲಸ ಮಾಡುವ ಕಿವಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹುಡುಗಿಯ ಫೋನಿನಿಂದ. ಸುತ್ತಲೂ ಉರ್ದು, ತೆಲುಗು, ಟೋಕನ್ ಕೂಗುವ ಗದ್ದಲ. ಅದರ ನಡುವೆ ಕನ್ನಡದ ರಾಕ್ ಹಾಡು. ಬರೆದವಳು ನಾನು, ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ವೇದಿಕೆ ಮೇಲೆ ನಿಂತು ಹಾಡಿದವಳೂ ನಾನು. ಗಿಟಾರ್ ಅದೇ, ಡ್ರಮ್ ಅದೇ. ದನಿ ಮಾತ್ರ ನನ್ನದಲ್ಲ.

ಹುಡುಗಿಯ ಹೆಸರು ಲಕ್ಷ್ಮಿ. ಯಾದಗಿರಿ ಕಡೆಯವಳು. ಅವಳ ತಾಯಿ ಇಲ್ಲಿ ಕಟ್ಟಡದ ಕೆಲಸ ಮಾಡುತ್ತಾಳೆ. ದಿನವಿಡೀ ಕಲ್ಲು ಕೊರೆಯುವ ಮಷಿನ್ನಿನ ಪಕ್ಕ ನಿಂತು ಕಿವಿ ಮಂದವಾಗಿತ್ತು, ಲಕ್ಷ್ಮಿ ಪರೀಕ್ಷೆಗೆ ಕರೆದುಕೊಂಡು ಬಂದಿದ್ದಳು.

"ಯಾವ ಹಾಡವಾ ಇದು?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಕರಿಮಣ್ಣು ಬ್ಯಾಂಡಿಂದು ರೀ ಮೇಡಂ. ಅವರ ಛಲೋ ಛಲೋ ಹಾಡೆಲ್ಲ ಕೂಡಿಸಿ ಹೊಸಾ ಆಲ್ಬಮ್ ತಗದಾರ. ಹಾಡಾಕಿ ಮೇಘಾ ಅಂತ. ಭಾಳ ಚಂದ ಹಾಡ್ತಾಳ್ರಿ."

"ಮೊದಲ ಬ್ಯಾರೆ ಯಾರೋ ಹಾಡ್ತಿದ್ರಲ್ಲ?"

"ಇರಬಹುದ್ರಿ," ಎಂದಳು ಲಕ್ಷ್ಮಿ, ಮತ್ತೆ ಫೋನಿನ ಕಡೆ ತಿರುಗಿದಳು.

ಅವಳ ತಾಯಿಯನ್ನು ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, "ಸಪ್ಪಳ ಕೇಳಿದ ಕೂಡ್ಲೇ ಕೈ ಎತ್ತವಾ" ಎಂದು ಹೇಳಿದೆ. ಆಕೆ ಗಾಜಿನಾಚೆ ಕೈ ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ನನ್ನ ಕಿವಿಯಲ್ಲಿ ಮಾತ್ರ ಮೇಘಾ ಹಾಡುತ್ತಲೇ ಇದ್ದಳು.

ಬ್ಯಾಂಡ್ ಬಿಟ್ಟು ನಾನು ಹೈದರಾಬಾದಿಗೆ ಬಂದದ್ದು ಈ ಕೆಲಸಕ್ಕಾಗಿ. ಓದಿದ್ದು ಇದನ್ನೇ; ಹಾಡು ಹೊಟ್ಟೆ ತುಂಬಿಸುತ್ತಿರಲಿಲ್ಲ. ಬಂದ ಹೊಸತರಲ್ಲಿ ಮನೆ ತೋರಿಸಲು ಬಂದ ಒಡತಿ, ಎಲ್ಲರೂ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುವಾಕೆ, ನಾನು ಕೇಳಿದ್ದಕ್ಕೆಲ್ಲ "ಹೌ, ಹೌ" ಎಂದಾಗ ಇವರೂ ನಮ್ಮ ಕಡೆಯವರೇ ಎಂದು ಹಿಗ್ಗಿದ್ದೆ. ಇಲ್ಲಿನ ದಖನಿ ಉರ್ದುವಿನಲ್ಲಿ 'ಹೌ' ಎಂದರೆ ಹೌದು, 'ನಕ್ಕೋ' ಎಂದರೆ ಬೇಡ. ಅವೆರಡರಿಂದಲೇ ಮೊದಲ ತಿಂಗಳು ಸಂಸಾರ ನಡೆಸಿದೆ. ಹುಬ್ಬಳ್ಳಿಯಲ್ಲಿ ಸಂಜೆ ಆದರೆ ಗಿರ್ಮಿಟ್ಟು, ಮಿರ್ಚಿ, ನಾಲ್ಕು ಜನರ ಹರಟೆ. ಇಲ್ಲಿ ಇರಾನಿ ಚಹಾದ ಹೋಟೆಲಿನಲ್ಲಿ ನಾನೊಬ್ಬಳೇ ಕೂತು ಬಿಸ್ಕೀಟು ಅದ್ದಿಕೊಂಡು ತಿನ್ನುತ್ತಿದ್ದೆ. ಅಲ್ಲಿ ತರಕಾರಿಯವಳು ನಮ್ಮವ್ವನ ಮಂಡಿನೋವನ್ನೂ ವಿಚಾರಿಸುತ್ತಿದ್ದಳು. ಇಲ್ಲಿ ಬದನೆಕಾಯಿಗೆ 'ವಂಕಾಯ' ಎನ್ನುವುದಕ್ಕೇ ನನಗೆ ವಾರ ಹಿಡಿಯಿತು. ಒಬ್ಬ ಅಜ್ಜ ಪೇಷಂಟ್ ನನ್ನ ತೆಲುಗು ಕೇಳಿ ನಗದೆ ಉತ್ತರ ಕೊಟ್ಟ ದಿನ, ಮನೆಗೆ ಹೋಗುವಾಗ ನನಗೆ ನಾನೇ ಜಿಲೇಬಿ ಕೊಂಡುಕೊಂಡಿದ್ದೆ.

ಹೀಗೆ ಊರು ಒಗ್ಗುತ್ತಾ ಬಂದಿತ್ತು. ಅಷ್ಟರಲ್ಲಿ ಈ ಆಲ್ಬಮ್.

ಮನೆಗೆ ಹೋಗಿ ಎಲ್ಲ ಹಾಡು ಕೇಳಿದೆ. 'ಕರಿಮಣ್ಣು: ಇಲ್ಲೀತನಕ' ಎಂದು ಹೆಸರು. ಹಳೆಯ ಧ್ವನಿಮುದ್ರಣ ಒಂದೂ ಇರಲಿಲ್ಲ, ಎಲ್ಲವನ್ನೂ ಹೊಸದಾಗಿ ಹಾಡಿಸಿದ್ದರು. ಶ್ರುತಿ ತಪ್ಪುತ್ತಾಳೇನೋ ಎಂದು ಕಾದು ಕೂತೆ. ತಪ್ಪಲಿಲ್ಲ. ನಾನು ಕಷ್ಟಪಟ್ಟು ಮುಟ್ಟುತ್ತಿದ್ದ ಮೇಲಿನ ಸ್ವರಗಳನ್ನು ಅವಳು ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಮುಟ್ಟಿದ್ದಳು. ಕೆಟ್ಟದಾಗಿ ಹಾಡಿದ್ದರೆ ಅವಳನ್ನು ಕ್ಷಮಿಸಿಬಿಡುತ್ತಿದ್ದೆ.

ಬ್ಯಾಂಡ್ ಕಟ್ಟಿದ ಗಿಟಾರಿನ ಪ್ರಸನ್ನನಿಗೆ ಫೋನ್ ಮಾಡಿದೆ.

"ನನ್ನ ಹಾಡು ಹಾಡಿಸೀದಿ, ನನಗೊಂದು ಮಾತು ಹೇಳಬಾರದೇನೋ?"

"ಹಳೇ ರೆಕಾರ್ಡಿಂಗ್ ಗೊರ್ರ ಅಂತಿತ್ತು ಶೈಲಾ. ಹಂಗ ಹಾಕಾಕ ಬರ್ತಿರಲಿಲ್ಲ."

"ಮತ್ತ ನನ್ನ ಕರೀಬೇಕಿತ್ತು."

"ಕರದಾಗೆಲ್ಲ ರಜಾ ಇಲ್ಲ ಅಂದಿ. ಎಷ್ಟಂತ ಕರೀಬೇಕು? ಸಾಹಿತ್ಯ ಶೈಲಾ ಅಂತ ಹೆಸರು ಹಾಕೀವಲ್ಲ." ಆಮೇಲೆ ಅವನೇ ಹೇಳಿದ, "ಬರೋ ಐತಾರ ನಿಮ್ಮ ಹೈದರಾಬಾದಿನ ತಾರ್ನಾಕದಾಗ ನಮ್ಮ ಶೋ ಐತಿ. ಬಾ."

ಹೋಗಬಾರದು ಎಂದುಕೊಂಡೆ. ಭಾನುವಾರ ಮಧ್ಯಾಹ್ನ ಎಲ್ಲರಿಗಿಂತ ಮುಂಚೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಸಭಾಂಗಣ ತುಂಬಿತು. ಯಾದಗಿರಿ, ರಾಯಚೂರು, ಬೀದರ್ ಕಡೆಯ ದುಡಿಯುವ ಜನ ಒಂದು ಬದಿ, ಕಂಪನಿಗಳ ಹುಡುಗ ಹುಡುಗಿಯರು ಇನ್ನೊಂದು ಬದಿ. ಮೇಘಾ ಸಣ್ಣಗಿದ್ದಳು, ಚಪ್ಪಲಿ ಬಿಟ್ಟು ವೇದಿಕೆ ಹತ್ತಿದಳು. 'ಊರ ಬಾಗಿಲು ತೆರೆದೇ ಇರಲಿ' ಎಂಬ ನನ್ನ ಹಾಡು ಬಂತು. ಈ ಮಾತಿಗೆ ಮುಂಚಿನ ಸಾಲು ಉದ್ದ, ಎಲ್ಲೂ ನಿಲ್ಲದೆ ಇದಕ್ಕೆ ಬಂದು ಸೇರಬೇಕು. ನನಗೆ ಯಾವಾಗಲೂ 'ಬಾಗಿಲು' ಎನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. 'ಬಾ' ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, 'ಗಿಲು' ಎನ್ನುತ್ತಿದ್ದೆ. ಮೇಘಾಳಿಗೆ ಉಸಿರಿನ ಕೊರತೆ ಇಲ್ಲ. ಆದರೂ ಅವಳು ಅಲ್ಲೇ ನಿಂತಳು. 'ಊರ ಬಾ' ಎಂದು ಮೈಕನ್ನು ಜನರತ್ತ ಚಾಚಿದಳು. ಇಡೀ ಸಭಾಂಗಣ ಒಂದೇ ದನಿಯಲ್ಲಿ "ಬಾ!" ಎಂದು ಕೂಗಿತು.

ಊರಿಂದ ಕರೆ ಬಂದವರಂತೆ ಕೂಗುತ್ತಿದ್ದರು ಎಲ್ಲರೂ. ನನ್ನ ಪಕ್ಕದ ಮೇಸ್ತ್ರಿಯೊಬ್ಬ ಕಣ್ಣೊರೆಸಿಕೊಂಡ. ಇಷ್ಟೆಲ್ಲ ನನ್ನ ದಮ್ಮಿನ ಕೊರತೆಯಿಂದ ಹುಟ್ಟಿದ್ದು, ಸಿಕ್ಕಿದ್ದು ಅವಳಿಗೆ. ನಾನು ಕೂಗಲಿಲ್ಲ. ಹಲ್ಲು ಕಚ್ಚಿ ಕೂತೆ.

ಮುಗಿದ ಮೇಲೆ ಮೇಘಾಳ ಸುತ್ತ ಜನ. ಅಲ್ಲಿ ಲಕ್ಷ್ಮಿಯೂ ಇದ್ದಳು. ನನ್ನನ್ನು ಕಂಡು ಓಡಿ ಬಂದು ಫೋನು ಕೈಗಿಟ್ಟಳು. "ಮೇಡಂ, ನೀವೂ ಬಂದೀರಿ? ನಂದೂ ಮೇಘಾ ಅಕ್ಕಂದೂ ಒಂದ ಫೋಟೋ ತಗೀರಿ."

ತೆಗೆದೆ. ಬೇಕೆಂದೇ ಕೈ ಅಲುಗಿಸೋಣ ಎನ್ನಿಸಿದ್ದು ನಿಜ. ಅಷ್ಟರಲ್ಲಿ ಮೇಘಾ ನನ್ನ ಮುಖ ನೋಡಿದಳು.

"ನೀವು ಶೈಲಕ್ಕ ಅಲ್ವಾ? ಪ್ರಸನ್ನಣ್ಣನ ಮನೆಯಲ್ಲಿ ಫೋಟೋ ನೋಡಿದ್ದೇನೆ ಮಾರಾಯ್ರೆ!"

ಹಾಡಿನಲ್ಲಿ ಅಚ್ಚ ಹುಬ್ಬಳ್ಳಿಯವಳಾಗಿದ್ದವಳು ಮಾತಿನಲ್ಲಿ ಕರಾವಳಿಯವಳು. ಕಾರ್ಕಳದ ಹತ್ತಿರದವಳಂತೆ, ಹುಬ್ಬಳ್ಳಿಗೆ ಟೀಚರ್ ಕೆಲಸಕ್ಕೆ ಬಂದವಳಂತೆ. "ಅಲ್ಲಿಯ ಮಾತು ನಾನು ಕಲಿತದ್ದೇ ನಿಮ್ಮ ಹಾಡು ಕೇಳಿ. ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು. 'ಬಾ' ಅಂತ ನಿಲ್ಲಿಸಿದ್ರಲ್ಲ, ಊರು ಕರೆದ ಹಾಗೆ ಆಗ್ಲಿ ಅಂತ ಅಲ್ವಾ?"

ಹೌದು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಅಷ್ಟು ಪ್ರೀತಿಯಿಂದ ನೋಡುತ್ತಿದ್ದಳು.

"ಇಲ್ಲವಾ. ನನಗ ದಮ್ಮು ಸಾಲತಿರಲಿಲ್ಲ, ಅಷ್ಟ."

ಅವಳು ನನ್ನ ಕೈ ಹಿಡಿದುಕೊಂಡು ನಗತೊಡಗಿದಳು. "ಆದ್ರೂ ನಾನು ಹಾಗೆಯೇ ಹಾಡ್ತೇನೆ ಅಕ್ಕ. ಹಾಡ್ಲಾ?"

ಕೇಳಬೇಕಾಗಿದ್ದವರು ಕೇಳಿರಲಿಲ್ಲ. ಇವಳು ಕೇಳಿದಳು. "ಹಾಡು," ಎಂದೆ. ಲಕ್ಷ್ಮಿ ನನ್ನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡುತ್ತಾ, "ಮೊದಲ ಹಾಡ್ತಿದ್ದವ್ರು ನೀವ ಏನ್ರಿ ಮೇಡಂ?" ಎಂದಳು.

ಹುಬ್ಬಳ್ಳಿಗೆ ಹೊರಟ ಬ್ಯಾಂಡಿನ ವ್ಯಾನು ನನ್ನನ್ನು ಮೆಹದಿಪಟ್ಟಣಂವರೆಗೆ ಹತ್ತಿಸಿಕೊಂಡಿತು. ಡ್ರೈವರ್ ಹಿಂದಿನ ಕಿಟಕಿ ಸೀಟು ಮೊದಲು ನನ್ನದಾಗಿತ್ತು. ಮೇಘಾ ಕೇಳದೆಯೇ ಅಲ್ಲಿ ಕೂತಳು. ಪ್ರಸನ್ನ ಸೇವು ಕೊಟ್ಟಾಗ ನನ್ನ ಬಾಯಿಂದ "ನಕ್ಕೋ" ಎಂದು ಬಂತು. "ಭಾಳ ಹೈದರಾಬಾದಿನಾಕಿ ಆಗೀಯಲಾ!" ಎಂದು ಎಲ್ಲರೂ ನಕ್ಕರು. ಹುಬ್ಬಳ್ಳಿಯ ದುರ್ಗದಬೈಲಿನ ನಮ್ಮ ಗಿರ್ಮಿಟ್ ಗಾಡಿಯವನ ಸುದ್ದಿ ತೆಗೆದರೆ, "ಅವ್ರು ಈಗ ಅಲ್ಲಿಲ್ಲ ಅಕ್ಕ, ಮಗಳ ಊರಿಗೆ ಹೋದ್ರು," ಎಂದಳು ಮೇಘಾ. ನನ್ನ ಊರಿನ ಸುದ್ದಿ ನನಗೆ ಅವಳು ಹೇಳಬೇಕಾಯಿತು.

ಮೆಹದಿಪಟ್ಟಣಂನಲ್ಲಿ ಇಳಿದೆ. ಇನ್ನೂ ಬಿಸಿಲಿತ್ತು.

"ಜಾಗ ಐತಿ, ಬರ್ತೀಯೇನು?" ಎಂದ ಪ್ರಸನ್ನ. ತಮಾಷೆಗಲ್ಲ.

"ನಾಳೆ ಪೇಷಂಟ್ ಅದಾರೋ."

ಕಿಟಕಿಯಿಂದ ಮೇಘಾ ಕೈ ಬೀಸಿದಳು. ಅವಳು ಹೋಗುತ್ತಿರುವ ಊರು, ಕೂತಿರುವ ಸೀಟು, ಬೆಳಿಗ್ಗೆ ಅವಳ ಕಿವಿಗೆ ಬೀಳುವ ಮಾತು, ಎಲ್ಲದರ ಮೇಲೂ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಗಂಟು ಹೊತ್ತ ಮುದುಕಿಯೊಬ್ಬಳು ತೋಳು ಮುಟ್ಟಿ, ನಾಂಪಲ್ಲಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೆಲುಗಿನಲ್ಲಿ ಕೇಳಿದಳು. ತಡವರಿಸದೆ ಹೇಳಿದೆ. ಅರ್ಥವಾಗದಿರಬಹುದೆಂದು ಆಚೆ ಬದಿಯವರೆಗೂ ನಡೆಸಿಕೊಂಡು ಹೋಗಿ ನಿಲ್ಲಿಸಿದೆ.

"ಈ ಊರಮ್ಮಾಯಿವಾ?" ಎಂದಳು. ಈ ಊರ ಹುಡುಗಿಯೇನಮ್ಮ ಎಂದು.

ತಿರುಗಿ ನೋಡಿದೆ. ವ್ಯಾನು ಹೊರಟು ಹೋಗಿತ್ತು. ಮುದುಕಿ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು. "ಹೌ," ಎಂದೆ.