ಕಾರ್ಬೊರೇಟರು ನನ್ನ ಕೈಯಲ್ಲಿತ್ತು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕುಬಿಡುತ್ತಿದ್ದೆ. ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಮಧ್ಯಾಹ್ನದ ಹೊತ್ತು ಹುಣಸೆಮರದ ಕೆಳಗೆ ಕೂರಬೇಡಿ ಎಂದು ಮಕ್ಕಳನ್ನು ಹೆದರಿಸಿದ ಸಹೋದ್ಯೋಗಿಯೊಬ್ಬರ ಜೊತೆ ಜಗಳವಾಡಿ, ಅದೇ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಮಾಡಿದವಳು. ಈಗಲೂ ಮಾಡುತ್ತೇನೆ. ಆದ್ದರಿಂದ ಇದನ್ನು ಓದಿದ ಮೇಲೆ ನಂಬುವವರು ನನ್ನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಬೇಡಿ. ನಂಬದವರು ‘ಪಾಪ, ಭ್ರಮೆ’ ಎಂದು ಸಮಾಧಾನ ಮಾಡಲು ಬರಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಇರುವುದು ಶ್ರೀರಂಗಪಟ್ಟಣದ ಕೋಟೆಯ ಒಳಗೆ. ತಾತ ದೇವಸ್ಥಾನದಲ್ಲಿ ಪರಿಚಾರಕರಾಗಿದ್ದವರು. ಅವರ ಕೊನೆಯ ಮಗಳು ರುಕ್ಮಿಣಿ, ನನ್ನ ಸೋದರತ್ತೆ. ನಾವು ರುಕ್ಕತ್ತೆ ಎನ್ನುತ್ತಿದ್ದೆವು. ಮದುವೆ ಬೇಡವೆಂದು ನರ್ಸಿಂಗ್ ಓದಿ, ಅಕ್ಕಿಹೆಬ್ಬಾಳಿನ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಅಲ್ಲಿನ ಡಾಕ್ಟರಿಗೆ ವರ್ಗವಾದಾಗ ಅವರ ಮೋಟಾರ್ ಸೈಕಲ್ಲನ್ನು ತಾನೇ ಕೊಂಡುಕೊಂಡಳು. ಮೈಸೂರಿನಲ್ಲೇ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ ಗಾಡಿ ಅದು. ಈ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಕಿವಿಯಲ್ಲಿ ಅದರ ಸದ್ದು ಬಂದುಬಿಡುತ್ತದೆ. ಬಿಳಿ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆರಿಗೆಗೆ ಕರೆದ ಹಳ್ಳಿಗಳಿಗೆಲ್ಲ ಅದರಲ್ಲೇ ಹೋಗುತ್ತಿದ್ದಳು. ಬೈಕಿನಲ್ಲಿ ಊರಿಗೆ ಬಂದರೆ ತಾತ ಮುಂಬಾಗಿಲು ತೆರೆಯುತ್ತಿರಲಿಲ್ಲ. ಅವಳು ಸುತ್ತಿ ಬಂದು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಗಾಡಿಯನ್ನು ಮಾತ್ರ ಒಮ್ಮೆಯೂ ಊರ ಹೊರಗೆ ನಿಲ್ಲಿಸಿ ನಡೆದು ಬಂದವಳಲ್ಲ.

ನಿವೃತ್ತಿಯಾದ ಮೇಲೆ ಅವಳು ನಮ್ಮ ಮನೆಗೇ ಬಂದಳು. ಮಂಡಿ ನೋವು ಶುರುವಾಗಿ ಗಾಡಿ ಹಿತ್ತಿಲ ಕೊಟ್ಟಿಗೆ ಸೇರಿತು. ಕಾಯಿಲೆಯಾಗಿ ಅವಳು ತೀರಿಕೊಂಡಾಗ ನಾನು ಗಂಡನ ಮನೆಯಲ್ಲಿದ್ದೆ. ಆಮೇಲೆ ಕೆಲವು ವರ್ಷಕ್ಕೆ ಅಲ್ಲಿ ಬಾಳಲಾರೆ ಎಂದು ತೀರ್ಮಾನ ಮಾಡಿ ತವರಿಗೆ ಬಂದೆ. ಯಾಕೆ ಬಂದೆ ಎಂಬುದು ಈ ಕಥೆಗೆ ಬೇಡ. ಅಪ್ಪ ಅಮ್ಮ ಇರಲಿಲ್ಲ. ಅಣ್ಣ, ಅತ್ತಿಗೆ ಇದ್ದರು. ಬಾ ಎಂದರು, ಆದರೆ ಎಷ್ಟು ದಿನ ಎಂದು ಕೇಳದೆಯೇ ಕೇಳುತ್ತಿದ್ದರು.

ಆಗ ನಾನು ಆ ಗಾಡಿಗೆ ಕೈ ಹಾಕಿದೆ. ಕಾರಣ ಕೇಳಿದರೆ, ಬೇಡ ಎಂದು ಎಲ್ಲರೂ ಹೇಳಿದರು, ಅದಕ್ಕೇ. ಕೊಟ್ಟಿಗೆಯಲ್ಲಿ ಅದರ ಮೇಲೆ ಹಳೆಯ ಹಾಸಿಗೆ, ಒಡೆದ ತೊಟ್ಟಿಲು, ಸೌದೆ ಎಲ್ಲ ಬಿದ್ದಿದ್ದವು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಎಂಜಿನ್ನು ಕಚ್ಚಿಕೊಂಡು ಕಿಕ್ಕರು ಅಲುಗುತ್ತಿರಲಿಲ್ಲ. ಫೋನಿನಲ್ಲಿ ವಿಡಿಯೋ ನೋಡುತ್ತ, ತಿಳಿಯದ್ದನ್ನು ಪಾಂಡವಪುರದ ಮೆಕ್ಯಾನಿಕ್ ಒಬ್ಬರನ್ನು ಕೇಳುತ್ತ, ಭಾನುವಾರ ಭಾನುವಾರ ಬಿಚ್ಚಿದೆ. ನಟ್ಟು ಬೋಲ್ಟುಗಳನ್ನು ಅಡುಗೆಮನೆಯ ಹಳೆಯ ಡಬ್ಬಿಗಳಿಗೆ ಹಾಕಿ ಮೇಲೆ ಹೆಸರು ಬರೆದಿಟ್ಟೆ. ಸವೆದ ಸಿಲಿಂಡರನ್ನು ಬೋರು ಮಾಡಿಸಿ, ಹೊಸ ಪಿಸ್ಟನ್ನು ತರಿಸಿ, ಎಂಜಿನ್ನನ್ನು ನಾನೇ ಜೋಡಿಸಿ ಚೌಕಟ್ಟಿಗೆ ಕೂರಿಸಿದ ದಿನ ಉಗುರಿನ ಸಂದಿಯ ಗ್ರೀಸು ಹೋಗದೆ ಅದೇ ಕೈಯಲ್ಲಿ ಊಟ ಮಾಡಿದೆ. ಅತ್ತಿಗೆ ತಟ್ಟೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ಕೇರಿಯಲ್ಲಿ ರುಕ್ಕಮ್ಮನ ಗಾಳಿ ಇವಳಿಗೂ ಬಡಿದಿದೆ ಎಂದು ಆಡಿಕೊಂಡರು. ಬಡಿದರೆ ಬಡಿಯಲಿ ಎಂದುಕೊಂಡೆ.

ಅಣ್ಣನಿಗೆ ಕಾರು ನಿಲ್ಲಿಸಲು ಕೊಟ್ಟಿಗೆಯ ಜಾಗ ಬೇಕಿತ್ತು. ಜಾಗ ಬೇಕಿದ್ದರೆ ಕೇಳು, ಗಾಡಿಯನ್ನು ಜಗಲಿಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದೆ. ‘ಬೀದಿಯವರಿಗೆಲ್ಲ ಕಾಣುವ ಹಾಗೆಯೇ?’ ಎಂದು ಅವನಿಗೆ ಇನ್ನೂ ಸಿಟ್ಟು ಬಂತು.

ಐದಾರು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದಿತ್ತು. ಆ ಹೊತ್ತಿಗೆ ಗಾಡಿ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಪೆಟ್ರೋಲ್ ಟ್ಯಾಂಕು ಬಣ್ಣಕ್ಕೆ ಹೋಗಿತ್ತು. ಸೈಲೆನ್ಸರುಗಳು ಪಾಲಿಶ್ ಮಾಡಿಸಲು ಮೈಸೂರಿಗೆ ಹೋಗಿದ್ದವು. ಬ್ಯಾಟರಿ ಇನ್ನೂ ಕೊಂಡಿರಲಿಲ್ಲ, ವೈರುಗಳನ್ನು ಎಳೆದಿರಲಿಲ್ಲ, ಚೈನು ಹಾಕಿರಲಿಲ್ಲ. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಕೊಡುವುದು ಕಾರ್ಬೊರೇಟರು. ಅದನ್ನು ಬಿಚ್ಚಿ ನಾನು ಹಿಂದಿನ ವರಾಂಡದಲ್ಲಿ ಸೀಮೆಎಣ್ಣೆಯ ಬೋಗುಣಿಯಲ್ಲಿ ತೊಳೆಯುತ್ತ ಕೂತಿದ್ದೆ. ಅದು ಕೂರುವ ತೂತಿಗೆ ದೂಳು ಹೋಗದಿರಲೆಂದು ಹಳೆಯ ಲಂಗದ ಬಟ್ಟೆ ತುರುಕಿದ್ದೆ.

ಹಿತ್ತಿಲ ಗೇಟಿನ ಹೊರಗೆ ಲಗೇಜ್ ಆಟೊ ನಿಂತ ಸದ್ದಾಯಿತು. ಬಂದು ನೋಡಿದರೆ ಅಣ್ಣ ಗಾಡಿಯ ಹ್ಯಾಂಡಲು ಹಿಡಿದು ಕೊಟ್ಟಿಗೆಯಿಂದ ಹೊರಗೆ ತಳ್ಳುತ್ತಿದ್ದಾನೆ, ಹಿಂದೆ ರಹಮತ್ ಭಾಯ್ ಕ್ಯಾರಿಯರಿಗೆ ಕೈ ಕೊಟ್ಟಿದ್ದಾರೆ. ರಹಮತ್ ಭಾಯ್ ನಮ್ಮ ಕಡೆಯ ಗುಜರಿ ವ್ಯಾಪಾರಿ, ಅಪ್ಪನ ಕಾಲದಿಂದ ಪರಿಚಯದವರು. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

ನಾನು ಓಡಿಹೋಗಿ ಮುಂದಿನ ಚಕ್ರಕ್ಕೆ ಅಡ್ಡ ನಿಂತೆ. ಕಾರ್ಬೊರೇಟರು ಕೈಯಲ್ಲೇ ಇತ್ತು, ಸೀಮೆಎಣ್ಣೆ ಮೊಣಕೈ ತನಕ ಇಳಿಯುತ್ತಿತ್ತು.

“ದಾರಿ ಬಿಡು. ನಿನಗೆ ಇರೋಕೆ ಜಾಗ ಕೊಟ್ಟಿದೀನಿ, ಗ್ಯಾರೇಜು ನಡೆಸೋಕಲ್ಲ,” ಎಂದ ಅಣ್ಣ.

“ಜಾಗ ನೀನು ಕೊಟ್ಟಿದ್ದಲ್ಲ. ಈ ಮನೆ ಅಪ್ಪಂದು. ನಿನಗೆಷ್ಟೋ ನನಗೂ ಅಷ್ಟೇ,” ಎಂದೆ. ಬಂದ ದಿನದಿಂದ ಗಂಟಲಲ್ಲಿ ಇದ್ದ ಮಾತು ಅದು. ಹೊರಗಿನವರ ಎದುರಿಗೇ ಬಂತು, ಬರಲಿ.

ಅಣ್ಣನ ಮುಖ ಕೆಂಪಾಯಿತು. ರಹಮತ್ ಭಾಯ್ ಅವರಿಗೆ ಎತ್ತಿ ಎಂದು ಹೇಳಿ, ನನ್ನ ಕಡೆಗೇ ಗಾಡಿಯನ್ನು ನೂಕಿದ.

ಎಂಜಿನ್ನು ಶುರುವಾಯಿತು.

ಇದನ್ನು ಹೇಗೆ ಬರೆದರೂ ಉತ್ಪ್ರೇಕ್ಷೆಯಂತೆ ಕೇಳುತ್ತದೆ, ಆದ್ದರಿಂದ ಬರೀ ಕಂಡದ್ದನ್ನು ಬರೆಯುತ್ತೇನೆ. ಯಾರೂ ಕಿಕ್ಕರು ತುಳಿಯಲಿಲ್ಲ. ಚೈನಿಲ್ಲದ ಗಾಡಿಯ ಚಕ್ರ ತಿರುಗಿದರೆ ಎಂಜಿನ್ನು ತಿರುಗುವುದಿಲ್ಲ. ಆದರೂ ಅದು ತಿರುಗುತ್ತಿತ್ತು. ಅವಸರವಿಲ್ಲದೆ, ನಡುನಡುವೆ ಒಂದು ಬಡಿತ ತಪ್ಪಿಸಿ ಮತ್ತೆ ಹಿಡಿದುಕೊಳ್ಳುವ ಅದರ ಹಳೆಯ ರೀತಿಯಲ್ಲೇ ಓಡುತ್ತಿತ್ತು. ಸೈಲೆನ್ಸರು ಇಲ್ಲದ ಎಂಜಿನ್ನು ಓಡಿದರೆ ಕಿವಿ ಹರಿದುಹೋಗಬೇಕು. ಇದು ಸೈಲೆನ್ಸರು ಹಾಕಿದ ಗಾಡಿಯ ಮೆದು ಸದ್ದು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಅದೇ.

ಅಣ್ಣ ಹ್ಯಾಂಡಲು ಬಿಟ್ಟು ಹಿಂದಕ್ಕೆ ಹೋದ. ರಹಮತ್ ಭಾಯ್ ಕೂಡ ಕೈ ತೆಗೆದರು. ಗಾಡಿ ಪಕ್ಕಕ್ಕೆ ವಾಲಿತು. ನಾನು ಅತ್ತ ನುಗ್ಗಿ ಹೆಗಲು ಕೊಟ್ಟು ತಡೆದೆ, ಎಡಗೈಯಲ್ಲಿ ಕಾರ್ಬೊರೇಟರು ಇದ್ದದ್ದರಿಂದ ಬಲಗೈ ಹೋಗಿ ಸಿಲಿಂಡರಿನ ಮೇಲೆ ಬಿತ್ತು. ಸುಟ್ಟಿತು. ಒಲೆಯ ಮೇಲಿನ ಬಾಣಲೆ ಮುಟ್ಟಿದ ಹಾಗೆ ಸುಟ್ಟಿತು. ನಾನು ಕಿರುಚಲಿಲ್ಲ, ಗಾಡಿಯನ್ನು ಬೀಳಲೂ ಬಿಡಲಿಲ್ಲ. ಹ್ಯಾಂಡಲು ಹಿಡಿದು, ಓಡುತ್ತಿದ್ದ ಎಂಜಿನ್ನಿನ ಸಮೇತ ಅದನ್ನು ಕೊಟ್ಟಿಗೆಗೆ ವಾಪಸ್ಸು ತಳ್ಳಿ ಸ್ಟ್ಯಾಂಡು ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ನಿಂತಿತು. ಬಗ್ಗಿ ನೋಡಿದೆ. ತುರುಕಿದ ಬಟ್ಟೆ ತುರುಕಿದ ಹಾಗೇ ಇತ್ತು.

ಮೊದಲು ಮಾತಾಡಿದವರು ರಹಮತ್ ಭಾಯ್. “ಓಡೋ ಗಾಡಿನ ನಾನು ಒಡೆಯಾಕಿಲ್ಲ ಸ್ವಾಮಿ. ನಮ್ ದಂಧೆ ಅಂಗಲ್ಲ,” ಎಂದು ಅಣ್ಣನಿಗೆ ಹೇಳಿ, ಖಾಲಿ ಆಟೊ ತಿರುಗಿಸಿಕೊಂಡು ಹೋದರು. ಯಾರೂ ವಿಡಿಯೋ ಮಾಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಅತ್ತಿಗೆಯ ಕೈಯಲ್ಲಿ ಫೋನಿತ್ತು. ಅದು ಕೈಯಲ್ಲಿದೆ ಎಂಬುದೇ ಅವರಿಗೆ ಮರೆತುಹೋಗಿತ್ತಂತೆ.

ಮರುದಿನ ಬೆಳಿಗ್ಗೆ ಅಣ್ಣ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸುವ ಮಾತೆತ್ತಿದ. ರುಕ್ಕತ್ತೆಯ ಆತ್ಮಕ್ಕೆ ತೃಪ್ತಿಯಿಲ್ಲವಂತೆ. ನನಗೆ ಎಲ್ಲಿಲ್ಲದ ಕೋಪ ಬಂತು. ಬದುಕಿದ್ದಾಗ ಮುಂಬಾಗಿಲಿನಿಂದ ಒಳಗೆ ಬಿಡದವರು, ಸತ್ತ ಮೇಲೆ ಮಂತ್ರ ಹೇಳಿ ಹೊರಗೆ ಕಳಿಸುತ್ತೀರಾ ಎಂದು ಕೇಳಿದೆ. ಅದು ರುಕ್ಕತ್ತೆ ಎಂದು ನಾನು ನಂಬಿ ಹಾಗೆ ಹೇಳಲಿಲ್ಲ. ಅವಳಿಗೆ ಹೇಳುವುದಿದ್ದರೆ ನೇರವಾಗಿ ಬಾಯಿಬಿಟ್ಟು ಹೇಳುವವಳೇ ಹೊರತು ಎಂಜಿನ್ನಿನ ಹಿಂದೆ ಅಡಗುವವಳಲ್ಲ. ಶಾಂತಿ ನಡೆಯಲಿಲ್ಲ.

ಇನ್ನೊಂದು ಕಡೆಯವರೂ ಬಿಡಲಿಲ್ಲ. ಶಾಲೆಯಲ್ಲಿ ನನ್ನ ಜೊತೆ ಗಣಿತ ಹೇಳುವವರೊಬ್ಬರು, ಜಗಳದ ಆವೇಶದಲ್ಲಿ ಆಟೊದ ಸದ್ದು ಹಾಗೆ ಕೇಳಿರಬೇಕು ಎಂದರು. ನಾನು ಅಂಗೈ ಬಿಡಿಸಿ ತೋರಿಸಿದೆ. ಸಿಲಿಂಡರಿನ ಸುತ್ತ ಇರುವ ಲೋಹದ ಪಟ್ಟಿಗಳ ಗುರುತು ಬರೆ ಎಳೆದ ಹಾಗೆ ಸಾಲಾಗಿ ಮೂಡಿತ್ತು. ಬಿಸಿಲಿಗೆ ಕಾದಿರಬೇಕು ಎಂದರು. ಕೊಟ್ಟಿಗೆಯೊಳಗಿನ ಗಾಡಿಗೆ ಯಾವ ಬಿಸಿಲು? ಪಾಂಡವಪುರದ ಮೆಕ್ಯಾನಿಕ್ ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು, “ಅಂಗೆಲ್ಲ ಆಗಾಕಿಲ್ಲ ಬುಡಿ ಮೇಡಂ,” ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗಿಕೊಂಡರು. ಆಗುವುದಿಲ್ಲ ಎಂದು ನನಗೂ ಗೊತ್ತು. ಅವರಿಗಿಂತ ಮೊದಲೇ ಗೊತ್ತಿತ್ತು.

ಎಲ್ಲವನ್ನೂ ಅವತ್ತಿನ ಹಾಗೇ ಇಟ್ಟುಕೊಂಡು, ಬಟ್ಟೆ ತುರುಕಿ, ಅದೇ ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿ ನೋಡಿದ್ದೇನೆ. ಏನೂ ಆಗಲಿಲ್ಲ. ಕೊನೆಗೆ ಟ್ಯಾಂಕು, ಬ್ಯಾಟರಿ, ಸೈಲೆನ್ಸರು, ಕಾರ್ಬೊರೇಟರು ಎಲ್ಲ ಸೇರಿಸಿ ಪೆಟ್ರೋಲು ತುಂಬಿದ ಮೇಲೂ ಅದು ಸುಲಭಕ್ಕೆ ಶುರುವಾಗಲಿಲ್ಲ. ತುಳಿದೂ ತುಳಿದೂ ಮೀನಖಂಡ ಬಾತುಕೊಂಡಿತು. ಒಂದು ಸಂಜೆ ಶುರುವಾಯಿತು, ಕೇರಿಗೆಲ್ಲ ಹೊಗೆ ತುಂಬಿಸಿತು. ಆ ಹೊಗೆಯಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ.

ಈಗ ನಾನು ಅದರಲ್ಲೇ ಶಾಲೆಗೆ ಹೋಗುತ್ತೇನೆ. ಕ್ಯಾತನಹಳ್ಳಿಯ ಕಡೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬೈದುಕೊಳ್ಳುತ್ತೇನೆ. ಮನೆಯ ನನ್ನ ಭಾಗ ನನ್ನ ಹೆಸರಿಗಾಗಿದೆ; ಗಾಡಿಯನ್ನು ಮುಂಬಾಗಿಲ ಪಕ್ಕ ಜಗಲಿಯ ಮೇಲೇ ನಿಲ್ಲಿಸುತ್ತೇನೆ. ಅಣ್ಣ ಅದನ್ನು ಮುಟ್ಟುವುದಿಲ್ಲ. ಕಳೆದ ವರ್ಷ ಒಮ್ಮೆ ಇಬ್ಬರೇ ಕಾಫಿ ಕುಡಿಯುತ್ತ ಕೂತಿದ್ದಾಗ ಅವನಾಗಿ ಅವನೇ ಹೇಳಿದ:

“ಅವತ್ತು ನಾನು ಕೈ ಬಿಟ್ಟಿದ್ದು ಸದ್ದಿಗೆ ಹೆದರಿ ಅಲ್ಲ ಕಣೇ. ಯಾರೋ ನನ್ನ ಬೆರಳು ಬಿಡಿಸಿದ ಹಾಗಾಯ್ತು. ಒಂದೊಂದಾಗಿ.”

ಯಾರು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವನು ಒಂದು ಹೆಸರು ಹೇಳುತ್ತಿದ್ದ, ನಾನು ಇಲ್ಲ ಎನ್ನುತ್ತಿದ್ದೆ. ಲೋಟ ತೊಳೆದಿಟ್ಟೆ.

ನನಗೆ ಇದು ಅರ್ಥವಾಗಿಲ್ಲ, ಅರ್ಥವಾಗಿಲ್ಲ ಎನ್ನಲು ನಾಚಿಕೆಯೂ ಇಲ್ಲ. ಆದರೆ ಅದು ನಡೆಯಲೇ ಇಲ್ಲ ಎಂದು ಹೇಳು ಎಂದು ಯಾರೇ ಕೇಳಿದರೂ, ಅದನ್ನು ಮಾತ್ರ ಹೇಳುವುದಿಲ್ಲ.